ಕಿಲುಬಯ್ಯನ ಗೋಡೆಗೆ ತೂಗಿದ ಕೋವಿ

ಕಲ್ಲಿಗೂ ಕಿವಿಯಿದ್ದ ಕಾಲ, ಮನಸ್ಸು ಬಂದರೆ ಕುದುರೆಗಳೂ ಮಾತಾಡುತ್ತಿದ್ದ ಕಾಲ. ಆಗ ಕಡವಸೀಮೆ ಎಂಬ ರಾಜ್ಯವಿತ್ತು. ಮಾರಸಿಂಹ ಅದರ ರಾಜ. ಅವನಿಗೊಬ್ಬ ಅಕ್ಕ, ಬಾಚಲದೇವಿ.

ಆ ಸೀಮೆಯಲ್ಲಿ ಅಜ್ಜಂದಿರ ಕಾಲಕ್ಕೆ ಒಂದು ದೊಡ್ಡ ಯುದ್ಧ ನಡೆದಿತ್ತು. ಸಿಪಾಯಿಗಳು ಆಗ ಹೊತ್ತದ್ದು ಚಿಲಕದ ಕೋವಿ. ಬಾಗಿಲ ಚಿಲಕದ ಹಾಗೆ ಎತ್ತಿ, ಹಿಂದಕ್ಕೆಳೆದು, ತೋಟಾ ಇಟ್ಟು, ಮುಂದಕ್ಕೆ ತಳ್ಳಿ ಕೂರಿಸುವ ಕೋವಿ. ಯುದ್ಧ ಮುಗಿದ ಮೇಲೆ ಜನ ಅವನ್ನು ಮರೆತರು. ಬಾಚಲದೇವಿ ಮರೆಯಲಿಲ್ಲ. ಊರೂರು ತಿರುಗಿ ಒಂದೊಂದನ್ನೇ ಹುಡುಕಿ ತಂದಳು. ಯಾವ ಕಮ್ಮಟದಲ್ಲಿ ಹುಟ್ಟಿದ್ದು, ಯಾವ ಪಡೆ ಹೊತ್ತದ್ದು ಎಂದು ಕಬ್ಬಿಣದ ಮೇಲೆ ಹೊಡೆದ ಮುದ್ರೆ, ಅಂಕಿ ನೋಡಿ ಹೇಳುತ್ತಿದ್ದಳು. ನಳಿಗೆಗೆ ತೆಳು ಎಣ್ಣೆ, ಮರಕ್ಕೆ ಅಗಸೆ ಎಣ್ಣೆ ಹಚ್ಚಿ ಕೋವಿಖಾನೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಳು.

ಆದರೆ ಜನರ ಸಹವಾಸದಲ್ಲಿ ಅವಳ ತಾಳ್ಮೆ ಸವೆದುಹೋಗಿತ್ತು. ಒಬ್ಬಳು ಕೋವಿಯ ಮೇಲೆ ಸೀರೆ ಒಣಹಾಕಿದ್ದಳು. ಇನ್ನೊಬ್ಬ ಹಂದಿಗೂಡಿಗೆ ಅಗಳಿ ಮಾಡಿಕೊಂಡಿದ್ದ. ಮತ್ತೊಬ್ಬ ಮಹಾನುಭಾವ, ರಾಜನ ಅಕ್ಕ ಬರುತ್ತಾಳೆಂದು ಹುಣಸೆಹಣ್ಣು ಬೂದಿ ಹಾಕಿ ತಂಬಿಗೆಯಂತೆ ತಿಕ್ಕಿ ಫಳಫಳ ಮಾಡಿಟ್ಟಿದ್ದ. ಮುದ್ರೆಯೆಲ್ಲ ಅಳಿಸಿಹೋಗಿತ್ತು.

"ಇದಕ್ಕಿಂತ ಆ ಹಂದಿಗೂಡೇ ವಾಸಿಯಪ್ಪಾ!" ಎಂದು ಬಾಚಲದೇವಿ ಹಣೆ ಚಚ್ಚಿಕೊಂಡಳು.

ಹೀಗಿರುವಾಗ ಕೆಂಪುಬೆಟ್ಟದಲ್ಲಿ ಕಿಲುಬಯ್ಯನೆಂಬ ಮಾಂತ್ರಿಕ ಬಂದು ನೆಲೆಸಿದ. ಅವನ ಉಸಿರು ತಗಲಿದ ಕಬ್ಬಿಣ ತುಕ್ಕು ಹಿಡಿಯುತ್ತಿತ್ತು. ನೇಗಿಲಿನ ಗುಳ ಪುಡಿಯಾಯಿತು. ಬಾವಿಯ ರಾಟೆ ಮುರಿಯಿತು. ಜನ ಅರಮನೆಗೆ ಬಂದು ಅತ್ತರು. ಮಾರಸಿಂಹ ಆವೇಶದಲ್ಲಿ ಎದ್ದ. ಕೋವಿಖಾನೆಗೆ ನುಗ್ಗಿದ. ಅಕ್ಕನನ್ನು ಕೇಳಲಿಲ್ಲ. ಬೆಳ್ಳಿ ಹೂವಿನ ಕೆತ್ತನೆ ಚೆನ್ನಾಗಿದೆಯೆಂದು, ಹಿಂದಿನ ದಿನ ಬಂದು ಇನ್ನೂ ಶುಚಿಯಾಗದಿದ್ದ ಕೋವಿಯನ್ನೇ ಹೊತ್ತು ಹೊರಟುಬಿಟ್ಟ.

ಮರುದಿನ ಅವನ ಕುದುರೆ ಒಂದೇ ಮರಳಿತು. ಅಂಗಳದಲ್ಲಿ ನಿಂತು ವರದಿ ಒಪ್ಪಿಸಿತು: "ಅಕ್ಕನವರೇ, ದೊರೆಗಳು ಗುರಿಯಿಟ್ಟರು. ಕೋವಿ ಹಾರಲಿಲ್ಲ. ಮಾಂತ್ರಿಕ ನಕ್ಕು ದೊರೆಗಳನ್ನೇ ಒಂದು ಚಿಲಕದ ಕೋವಿ ಮಾಡಿ ಗೋಡೆಗೆ ತೂಗಿಹಾಕಿದ."

"ಹಾರುವುದು ಹೇಗೆ? ಅದರ ಚಿಲಕ ಕಚ್ಚಿಕೊಂಡಿತ್ತು, ನಳಿಗೆಯೊಳಗೆ ಕಣಜ ಗೂಡು ಕಟ್ಟಿತ್ತು! ಒಂದು ಮಾತು ಕೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?" ಎಂದು ಅವಳು ಕೂಗಾಡಿದಳು. ಕೂಗಾಡುತ್ತಲೇ ಎಣ್ಣೆಯ ಕುಡಿಕೆ, ಅರಿವೆ, ನಳಿಗೆ ತೊಳೆಯುವ ಕಡ್ಡಿ ಎಲ್ಲ ಚೀಲಕ್ಕೆ ತುಂಬಿ ಕುದುರೆಯೇರಿದಳು. ದಾರಿಯುದ್ದಕ್ಕೂ ತಮ್ಮನನ್ನು ಬೈದಳು. ಕಣ್ಣು ಒರೆಸಿಕೊಂಡದ್ದನ್ನು ಕುದುರೆ ನೋಡಿತು, ಹೆಜ್ಜೆ ಚುರುಕು ಮಾಡಿತು.

ಕಿಲುಬಯ್ಯ ಗುಹೆಯ ಬಾಗಿಲಲ್ಲೇ ಕೂತಿದ್ದ. ಒಳಗೆ ಗೋಡೆಯ ತುಂಬ ಕೋವಿಗಳು.

"ನೀನೂ ಕೋವಿ ಕೂಡಿಡುವವಳಂತೆ. ನಾನೂ ಅಷ್ಟೇ," ಎಂದ ಮಾಂತ್ರಿಕ. "ಮೂರು ಪರೀಕ್ಷೆ ಗೆದ್ದರೆ ತಮ್ಮನನ್ನು ಕರೆದುಕೊಂಡು ಹೋಗು. ಸೋತರೆ ಅವನ ಪಕ್ಕದ ಮೊಳೆ ನಿನಗೆ."

"ಬೇಗ ಹೇಳಯ್ಯ, ನನಗೆ ಕೆಲಸವಿದೆ," ಎಂದಳು ಬಾಚಲದೇವಿ.

ಮೊದಲನೆಯ ಪರೀಕ್ಷೆ ಕೋವಿ ತರುವುದು. ಗುಹೆಯ ಹಿಂದೆ ಆನೆಗಾತ್ರದ ಚಿಪ್ಪುಹಂದಿಯೊಂದು ಉಂಡೆಯಾಗಿ ಮಲಗಿತ್ತು. ಮೈಯೆಲ್ಲ ಕಬ್ಬಿಣದ ಚಿಪ್ಪು. ಅದರ ಹೊಟ್ಟೆಯಡಿ ಒಂದು ಕೋವಿ ಸಿಕ್ಕಿಕೊಂಡಿತ್ತು. ಕತ್ತಿಯಿಂದ ಮೀಟಲು ಹೋದ ವೀರರ ಎಲುಬು ಸುತ್ತ ಬಿದ್ದಿದ್ದವು. ಬಾಚಲದೇವಿ ಹತ್ತಿರ ಹೋಗಿ ನೋಡಿದಳು. ಚಿಪ್ಪಿನ ಸಂದುಗಳೆಲ್ಲ ತುಕ್ಕು ಹಿಡಿದು ಬಿಗಿದಿದ್ದವು.

"ಅಯ್ಯೋ ಬಡಪಾಯಿ! ನಿನ್ನನ್ನು ಸಾಕಿದ ಆ ಪುಣ್ಯಾತ್ಮನಿಗೆ ಒಂದು ತೊಟ್ಟು ಎಣ್ಣೆ ಬಿಡಲೂ ಆಗಲಿಲ್ಲವೇ?"

ಅವಳು ಕುಡಿಕೆ ಬಿಚ್ಚಿ ಸಂದುಸಂದಿಗೂ ಎಣ್ಣೆ ಬಿಟ್ಟಳು. ಚಿಪ್ಪುಹಂದಿ ಕಿರ್ರ್ ಎಂದಿತು, ಬಿಚ್ಚಿಕೊಂಡಿತು, ಮೈ ಚಾಚಿತು. "ಎಷ್ಟು ವರ್ಷವಾಗಿತ್ತಮ್ಮಾ ಬೆನ್ನು ನೆಟ್ಟಗೆ ಮಾಡಿ!" ಎಂದು ಕೋವಿಯನ್ನು ಅವಳ ಕೈಗಿಟ್ಟು ಕಾಡಿಗೆ ನಡೆಯಿತು.

ಎರಡನೆಯ ಪರೀಕ್ಷೆ ಗುರುತಿಸುವುದು. ಮಾಂತ್ರಿಕ ಗೋಡೆಯ ಕಡೆ ಕೈಬೀಸಿದ. ಕೋವಿಗಳೆಲ್ಲ ನೋಟಕ್ಕೆ ಒಂದೇ ರೂಪ ತಾಳಿದವು. ಅದೇ ಉದ್ದ, ಅದೇ ಮರ, ನಳಿಗೆಯ ಮೇಲೂ ಚಿಲಕದ ಮೇಲೂ ಅದೇ ಅಂಕಿ.

"ಇವುಗಳಲ್ಲಿ ನಿನ್ನ ತಮ್ಮ ಯಾವುದು?"

ಅವಳು ಒಂದೊಂದನ್ನೇ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. "ಇದಕ್ಕೆ ಹೊಗೆ ಹಿಡಿಸಿ ಹಳೆಯದು ಮಾಡಿದ್ದೀಯ. ಇಲ್ಲಿ ತುಕ್ಕು ತಿಂದು ಕುಳಿಬಿದ್ದಿದೆ, ಅದರ ಮೇಲಿನ ಅಂಕಿ ಮಾತ್ರ ನಿನ್ನೆ ಹೊಡೆದ ಹಾಗಿದೆ! ಮೋಸ ಮಾಡುವುದಾದರೂ ನೆಟ್ಟಗೆ ಕಲಿಯಬಾರದೇ?" ಮಾಂತ್ರಿಕನ ಮುಖ ಕಪ್ಪಿಟ್ಟಿತು.

ಕೊನೆಗೆ ಅವಳು ಒಂದು ಕೋವಿಯ ಹಿಂಬದಿಯ ಮರ ಸವರಿದಳು. ಗುರಿಯಿಡುವಾಗ ಕೆನ್ನೆ ಒತ್ತಿ ಮರ ಸವೆಯುತ್ತದೆ. ಉಳಿದೆಲ್ಲದರಲ್ಲೂ ಆ ಸವೆತ ಎಡಮಗ್ಗುಲಿಗಿತ್ತು. ಇದರಲ್ಲಿ ಬಲಮಗ್ಗುಲಿಗೆ. ಮಾರಸಿಂಹ ಎಡಚ. ಮಾಯೆ ಮನುಷ್ಯನನ್ನು ಕೋವಿ ಮಾಡಬಲ್ಲದು, ಅವನ ರೂಢಿಯನ್ನು ಬದಲಿಸಲಾರದು.

"ಇವನೇ."

"ಅಕ್ಕಾ!" ಎಂದಿತು ಕೋವಿ. "ಎಷ್ಟು ಹೊತ್ತು ಮಾಡಿದೆ! ಮೊದಲೇ ನನ್ನ ಹತ್ತಿರ ಬರಬಾರದಿತ್ತೇ?"

"ಬಾಯಿ ಮುಚ್ಚೋ," ಎಂದಳು ಅಕ್ಕ. ಆದರೆ ಅದನ್ನು ಎದೆಗೆ ಅವುಚಿಕೊಂಡಿದ್ದಳು.

ಮೂರನೆಯ ಪರೀಕ್ಷೆ ಕಾಪಾಡುವುದು. ಬೆಳಗಿನಿಂದ ಸಂಜೆಯವರೆಗೆ ಕಿಲುಬಯ್ಯ ಉಸಿರು ಬಿಡುತ್ತಾನೆ. ಸೂರ್ಯ ಮುಳುಗುವಾಗ ಕೋವಿಯ ಮೇಲೆ ತುಕ್ಕಿನ ಚುಕ್ಕೆಯೂ ಇರಬಾರದು.

ಹೊತ್ತು ಹುಟ್ಟಿತು. ಮಾಂತ್ರಿಕ ಉಸಿರುಬಿಟ್ಟ. ಕೆಂಪು ಮಂಜು ಕವಿಯಿತು. ಅವಳು ಒರೆಸಿ ಎಣ್ಣೆ ಹಚ್ಚಿದಳು. ಎಣ್ಣೆಯ ಕೆಳಗೇ ತುಕ್ಕು ಎದ್ದಿತು. ಅವಳು ಮಂಜನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು. ಉಪ್ಪು! ಹಳೆಯ ತೋಟಾ ಹಾರಿಸಿದ ಮೇಲೂ ನಳಿಗೆಯಲ್ಲಿ ಹೀಗೇ ಉಪ್ಪು ಉಳಿಯುತ್ತದೆ. ಎಣ್ಣೆಗೆ ಅದು ಹೋಗದು, ಕುದಿಯುವ ನೀರೇ ಬೇಕು. ಅವಳು ಒಲೆ ಹೂಡಿದಳು. ಕುದಿನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿದಳು.

"ಅಕ್ಕಾ, ಸುಡುತ್ತೆ!"

"ಸುಡಲಿ."

"ಎಣ್ಣೆ ಮೂಗಿಗೆ ಹೋಯಿತು!"

"ನಿನಗೆ ಮೂಗೆಲ್ಲಿದೆಯೋ ಈಗ?"

ಮಾಂತ್ರಿಕ ಮತ್ತೆ ಊದಿದ. ಅವಳು ಮತ್ತೆ ತೊಳೆದಳು. ಅವನು ಊದಿದಷ್ಟೂ ಅವಳು ತೊಳೆದಳು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಅವಳ ಅಂಗೈಯೆಲ್ಲ ಬೊಬ್ಬೆ. ಕುಡಿಕೆ ಬರಿದಾಯಿತು. ಕೋವಿ ಸಣ್ಣ ದನಿಯಲ್ಲಿ ಹೇಳಿತು: "ಅಕ್ಕ, ಸಾಕು. ನೀನು ಮನೆಗೆ ಹೋಗು. ತಪ್ಪು ನನ್ನದು."

ಬಾಚಲದೇವಿಗೆ ಅದುವರೆಗೆ ಬಾರದಷ್ಟು ಸಿಟ್ಟು ಬಂತು. "ಇಷ್ಟು ದಿನ ಹೇಳಿದ್ದು ಒಂದೂ ಕೇಳಲಿಲ್ಲ. ಈಗ ನನಗೇ ಬುದ್ಧಿ ಹೇಳುತ್ತೀಯಾ?" ಎಂದು ಜಡೆ ಬಿಚ್ಚಿದಳು. ಹೊರಡುವ ದಿನ ತಲೆಗೆ ಬಳಿದುಕೊಂಡಿದ್ದ ಕೊಬ್ಬರಿ ಎಣ್ಣೆಯನ್ನು ಅರಿವೆಗೆ ತಿಕ್ಕಿ, ಅದರಿಂದಲೇ ನಳಿಗೆ ಸವರಿದಳು.

ಕಿಲುಬಯ್ಯನಿಗೆ ಸಹಿಸಲಾಗಲಿಲ್ಲ. ಕೆನ್ನೆಯುಬ್ಬಿಸಿ ಊದಿದ, ಹೊಟ್ಟೆ ಹಿಂಡಿ ಊದಿದ, ಕೊನೆಯುಸಿರನ್ನೂ ಊದಿಬಿಟ್ಟ. ಉಸಿರು ತೀರಿದ ಮೇಲೆ ಅವನೊಳಗೆ ಬೇರೇನೂ ಇರಲಿಲ್ಲ. ನಿಂತಲ್ಲೇ ಕೆಂಪು ಪುಡಿಯಾಗಿ ಸುರಿದುಹೋದ. ಸೂರ್ಯ ಮುಳುಗಿದ. ಕೋವಿ ಕಪ್ಪಗೆ ನಿರ್ಮಲವಾಗಿತ್ತು.

ಮರುಕ್ಷಣ ಅವಳ ತೊಡೆಯ ಮೇಲೆ ತಲೆಯಿಟ್ಟು ಮಾರಸಿಂಹ ಮಲಗಿದ್ದ, ಮೈಯೆಲ್ಲ ಎಣ್ಣೆ. ಗೋಡೆಯಿಂದಲೂ ಒಬ್ಬೊಬ್ಬರೇ ಇಳಿದರು: ದಾರಿಹೋಕರು, ಕಾವಲಿನವರು, ಯಾರೋ ಊರಿನ ಅಳಿಯಂದಿರು. ಬಾಚಲದೇವಿ ಅವರ ಹೆಸರು ಕೇಳಿ, ಊರು ಕೇಳಿ, ದಾರಿ ತೋರಿಸಿ ಕಳಿಸಿದಳು. ಆಮೇಲೆ ತಮ್ಮನ ಬೆನ್ನಿಗೆ ಒಂದು ಗುದ್ದು ಹಾಕಿ, ಅಲ್ಲೇ ಕುಸಿದು ಗಳಗಳನೆ ಅತ್ತಳು. ಬೊಬ್ಬೆಯೆದ್ದ ಆ ಕೈಗಳಿಗೆ ತಮ್ಮ ತನ್ನ ಮೈಯ ಎಣ್ಣೆಯನ್ನೇ ಮೆಲ್ಲಗೆ ಸವರಿದ.

ನೇಗಿಲು ಮತ್ತೆ ಹೊಳೆಯಿತು, ರಾಟೆ ತಿರುಗಿತು. ಅಕ್ಕನ ಕೈ ಮಾಯುವವರೆಗೂ ಕೋವಿಖಾನೆಯ ಚಾಕರಿಯೆಲ್ಲ ರಾಜನದೇ ಆಯಿತು. ಕೈ ಮಾದ ಮೇಲೂ ಅವನು ಬಿಡಲಿಲ್ಲ. ದರ್ಬಾರು ಮುಗಿಸಿ ಬಂದು ಒಲೆಯ ಮುಂದೆ ಕೂರುತ್ತಿದ್ದ.

"ನೀರು ಸಾಕಷ್ಟು ಕಾದಿದೆಯಾ, ಅಕ್ಕ?"

"ಎಲ್ಲಿ ಕಾದಿದೆ? ಇನ್ನೂ ಊದು."

ಹೀಗೆ ಅವಳು ಬೈಯುತ್ತ, ಅವನು ಊದುತ್ತ, ಕಡವಸೀಮೆಯವರೆಲ್ಲ ನೂರ್ಕಾಲ ಸುಖವಾಗಿ ಬಾಳಿದರು.