ಹಂಡೆ ಒಲೆ ಪಕ್ಕದ ಹಿಟ್ಟು

ಹಂಸ ಪಾತ್ರೆಗೆ ಮುಚ್ಚಿದ್ದ ಟವೆಲ್ ಮತ್ತೆ ಎತ್ತಿ ಇಣುಕಿದಳು. ಊಹೂಂ! ಹಿಟ್ಟು ಉಬ್ಬಿರಲೇ ಇಲ್ಲ. ಮುನಿಸಿಕೊಂಡವರ ಹಾಗೆ ಪಾತ್ರೆಯ ತಳದಲ್ಲೇ ಕೂತಿತ್ತು.

"ಬೇಗ ಉಬ್ಬೋ ನಮ್ಮಪ್ಪಾ," ಎಂದು ಅದಕ್ಕೇ ಕೈಮುಗಿದಳು.

ಪಾತ್ರೆ ಇದ್ದದ್ದು ಹಿತ್ತಲ ಬಚ್ಚಲುಮನೆಯಲ್ಲಿ, ಹಂಡೆ ಒಲೆಯ ಪಕ್ಕ. ಬೆಚ್ಚಗಿರುತ್ತೆ ಅಂತ ಮಾತ್ರ ಅಲ್ಲ. ಹಿಟ್ಟಿನೊಳಗೆ ಈರುಳ್ಳಿ ಇತ್ತು! ರಂಗನಾಯಕಿ ಅಜ್ಜಿ ಈರುಳ್ಳಿಯನ್ನು ಹೊಸಿಲು ದಾಟಿಸುವವರಲ್ಲ. ತಮಾಷೆ ನೋಡಿ, ಹೊಳೆನರಸೀಪುರದ ಪೇಟೆಬೀದಿಯಲ್ಲಿ ಅಪ್ಪನ ಬೇಕರಿ. ಅಲ್ಲಿ ದಿನಾ ಬುಟ್ಟಿಗಟ್ಟಲೆ ಈರುಳ್ಳಿ ಹೆಚ್ಚಿ ಖಾರಾ ಬನ್ ಮಾಡುತ್ತಾರೆ. ಮನೆಯಲ್ಲಿ ಮಾತ್ರ ಒಂದು ಸಿಪ್ಪೆಯೂ ಸಿಗದು.

ಇದಕ್ಕೆಲ್ಲ ಕಾರಣ ಅವಳ ಕ್ಲಾಸಿನ ಭವ್ಯಶ್ರೀ. ಟೀವಿಯಲ್ಲಿ ಈರುಳ್ಳಿ ಬ್ರೆಡ್ ಮಾಡಿ ತೋರಿಸಿದ್ದರು, ರೊಟ್ಟಿಯ ಹಾಗೆ ಚಪ್ಪಟೆಯದು. "ಅದೇನು ಮಹಾ, ನಾನೂ ಮಾಡ್ತೀನಿ," ಎಂದು ಹಂಸ ಕ್ಲಾಸಿನಲ್ಲಿ ಜಂಬ ಕೊಚ್ಚಿದ್ದಳು.

"ನೀನಾ? ನಿಮ್ಮಪ್ಪ ಮಾಡಿದ್ನ ತಂದ್ಬುಟ್ಟು ನಾನೇ ಮಾಡ್ದೆ ಅಂತೀಯ, ಅಷ್ಟೆ ಕಣೆ!" ಎಂದು ಭವ್ಯಶ್ರೀ ನಕ್ಕಿದ್ದಳು. ಕ್ಲಾಸೇ ನಕ್ಕಿತ್ತು. ಇವತ್ತು ಸಂಜೆ ಅವಳ ಮನೆಗೇ ಹೋಗಿ ತೋರಿಸದಿದ್ದರೆ ನಾಳೆ ಸ್ಕೂಲಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

"ಹಂಸಾ, ಮಗೂಗೆ ನೀರೆರೀಬೇಕು. ಆಲಿವ್ ಎಣ್ಣೆ ಡಬ್ಬಿ ಎಲ್ಲೇ?"

ಅಜ್ಜಿ! ಹಂಸ ಸರಕ್ಕನೆ ಟವೆಲನ್ನು ಪಾತ್ರೆಯ ಮೇಲೆ ಎಳೆದಳು. ಪುಟ್ಟ ತಮ್ಮನ ಮೈಗೆ ಹಚ್ಚಲು ಮೆಡಿಕಲ್ ಸ್ಟೋರಿನಿಂದ ತಂದ ಡಬ್ಬಿ ಅದು. ಅಡುಗೆಗೂ ಆಗುತ್ತೆ ಅಂತ ಮೇಲೆ ಬರೆದಿತ್ತು. ಎಣ್ಣೆಯೆಲ್ಲ ಈಗ ಹಿಟ್ಟಿನ ಹೊಟ್ಟೆಯಲ್ಲಿತ್ತು.

ಅಜ್ಜಿ ಒಳಗೆ ಬಂದೇಬಿಟ್ಟರು. "ಮಗು ಟವೆಲ್ ಇಲ್ಲಿಗೆ ಯಾಕೆ ಬಂತು?" ಎಂದು ಬಗ್ಗಿ ಟವೆಲ್ಲಿಗೆ ಕೈ ಹಾಕಿದರು. ಕೈ ಟವೆಲ್ ಸಮೇತ ಮೆತ್ತಗೆ ಹಿಟ್ಟಿನೊಳಗೆ ಹೋಯಿತು.

"ಅಯ್ಯೋ ರಾಮಚಂದ್ರಾ! ಏನೇ ಇದು?" ಕೈ ಮೂಸಿ ನೋಡಿದರು. "ಈರುಳ್ಳಿ!"

ಮುಗೀತು ಕತೆ ಅಂದುಕೊಂಡಳು ಹಂಸ. ಅಳು ಬಂದೇಬಿಟ್ಟಿತು. ಅಳುತ್ತಲೇ ಟೀವಿ, ಭವ್ಯಶ್ರೀ, ಎಣ್ಣೆ ಎಲ್ಲವನ್ನೂ ಒದರಿದಳು.

ಅಜ್ಜಿ ಬೈಯಲಿಲ್ಲ. ಹಿಟ್ಟನ್ನು ಚಿವುಟಿ ನೋಡಿದರು. "ಹೀಗಾ ನಾದೋದು? ಬರೀ ಗಂಟು. ಹೀಗಾದ್ರೆ ಇದು ಉಬ್ಬಿದ ಹಾಗೇ!" ಸೆರಗು ಸಿಕ್ಕಿಸಿ, ಮಣೆ ಎಳೆದು ಕೂತರು. "ಹೇಗಿದ್ರೂ ಮಗೂಗೆ ಎರೆದ ಮೇಲೆ ನಾನೂ ಸ್ನಾನ ಮಾಡ್ಬೇಕು. ಮೈಲಿಗೆ ಆದ್ರೆ ಆಗ್ಲಿ."

ಮಗುವಿನ ಬೆನ್ನು ತಿಕ್ಕುವಂತೆಯೇ ಅಂಗೈಯಲ್ಲಿ ಒತ್ತಿದರು, ಎಳೆದರು, ಮಡಚಿದರು. "ನೋಡಿದ್ಯಾ? ಈಗ ನೀನು ನಾದು. ಆ ಭವ್ಯಶ್ರೀ ಮುಂದೆ ಸುಳ್ಳು ಹೇಳೋ ಹಾಗಾಗ್ಬಾರ್ದು."

"ನಾದೋದೆಲ್ಲ ನಿಂಗೆ ಹೇಗೆ ಗೊತ್ತು ಅಜ್ಜಿ?"

"ಬೇಕರಿ ಶುರುವಾದಾಗ ನಿಮ್ಮ ತಾತಂಗೆ ಕೆಲಸದೋರು ಎಲ್ಲಿದ್ರು? ಖಾರಾ ಬನ್ ಹಿಟ್ಟೆಲ್ಲ ನಾದಿದ್ದು ನಾನೇ, ಇಲ್ಲೇ. ಈರುಳ್ಳಿ ಹೆಚ್ಚಿ ಹೆಚ್ಚಿ ಕಣ್ಣಲ್ಲಿ ಹೇಮಾವತಿ ಹೊಳೆನೇ ಹರೀತಿತ್ತು. ಆಮೇಲೆ ತಲೆಗೆ ನೀರು ಹಾಕ್ಕೊಂಡು ಒಳಗೆ ಹೋಗ್ತಿದ್ದೆ."

ತಮ್ಮನಿಗೆ ಅವತ್ತು ಹರಳೆಣ್ಣೆಯೇ ಗತಿಯಾಯಿತು. ಹಿಟ್ಟು ಮಾತ್ರ ಪಾತ್ರೆ ತುಂಬ ಉಬ್ಬಿ ಬಂತು. ಹಂಸ ಅದನ್ನು ಬೇಕರಿಗೆ ಹೊತ್ತೊಯ್ದು, ತಾನೇ ತಟ್ಟಿದಳು. ಅಪ್ಪ ಬೇಯಿಸುವ ಗೂಡಿಗೆ ಇಟ್ಟು ತೆಗೆದರು. ಘಮ ಘಮ!

ಮನೆ ಜಗಲಿಯಲ್ಲಿ ನಿಂತು ಒಂದು ಚೂರು ಬಾಯಿಗೆ ಹಾಕಿಕೊಂಡಳು. ಇನ್ನು ಭವ್ಯಶ್ರೀ ಮನೆಗೆ ಓಡಬೇಕು, ಕಾಲು ನಿಲ್ಲುತ್ತಲೇ ಇಲ್ಲ.

ಸ್ನಾನ ಮುಗಿಸಿದ ಅಜ್ಜಿ ಹೊಸಿಲ ಒಳಗೆ ನಿಂತಿದ್ದರು. "ಹೇಗಿದ್ಯೇ?"

"ಸೂಪರ್ ಅಜ್ಜಿ!" ಹಂಸ ಮೆಟ್ಟಿಲಿಂದ ಹಾರಿದಳು.

"ಸೂಪರ್ ಅಂದ್ರೆ?"

ಹಂಸ ತಿರುಗಿದಳು. ಅಜ್ಜಿಯ ಕಣ್ಣು ಬ್ರೆಡ್ಡಿನ ಮೇಲೇ ಇತ್ತು.

"ಅಜ್ಜೀ, ನೀನು ಖಾರಾ ಬನ್ ಯಾವತ್ತೂ ತಿಂದೇ ಇಲ್ವಾ?"

"ನಾನೆಲ್ಲಿ ತಿನ್ಲಿ? ಹೇಗಾಗಿದೆ ಅಂತ ನಿಮ್ಮ ತಾತನ್ನ ಕೇಳ್ತಿದ್ದೆ. ಅವ್ರು 'ಹೂಂ' ಅನ್ನೋರು. ಅಷ್ಟೇ."

ಹಂಸ ಮೆಟ್ಟಿಲು ಹತ್ತಿ ಬಂದು ಹೊಸಿಲ ಹೊರಗೆ ಕೂತಳು. ಒಂದು ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಮೊದ್ಲು ಕರುಂ ಅನ್ನುತ್ತೆ ಅಜ್ಜಿ. ಆಮೇಲೆ ಒಳಗೆ ಮೆತ್ತಗೆ. ಈರುಳ್ಳಿ ಖಾರನೇ ಇಲ್ಲ, ಸಿಹಿಯಾಗ್ಬಿಟ್ಟಿದೆ."

"ಸಿಹಿನಾ?" ಅಜ್ಜಿ ಹೊಸಿಲ ಒಳಗೆ ಕೂತರು.

"ಹೌದು! ಅಂಚಲ್ಲಿ ಒಂಚೂರು ಸೀದಿದೆ. ಅದೇ ತುಂಬ ಚೆನ್ನಾಗಿದೆ."

"ಉಪ್ಪು?"

ಭವ್ಯಶ್ರೀ ಮನೆಗೆ ಆಮೇಲೆ ಹೋದರಾಯಿತು. ಹಂಸ ಇನ್ನೊಂದು ತುಂಡು ಮುರಿದಳು.

"ಇರಜ್ಜಿ, ಸರಿಯಾಗಿ ನೋಡಿ ಹೇಳ್ತೀನಿ."