ಹಸ್ನಾ ಬೆಳೆದ ಕಲ್ಲಂಗಡಿ

"ಬಾಪ ಮಲಗಿದ್ದಾರೆ. ಸಂಜೆ ಬನ್ನಿ."

"ಎಬ್ಬಿಸಿ," ಎಂದಳು ಹಸ್ನಾ.

ಗೇಟಿನ ಆಚೆ ನಿಂತಿದ್ದ ಸಾಬಿತ್ ಮಾಸ್ಕಿನೊಳಗೇ ನಕ್ಕದ್ದು ಅವನ ಕಣ್ಣಲ್ಲಿ ಕಂಡಿತು. ಆ ಕಣ್ಣು ಚೆಂದ ಇದ್ದದ್ದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

ಪುತ್ತಿಗೆಯಲ್ಲಿ ಸಾಬಿತನ ತಂದೆ ಅಬ್ದುಲ್ ಸಲಾಂ ಹಾಜಿಯವರ ಗದ್ದೆಯನ್ನು ಗೇಣಿಗೆ ಹಿಡಿದು ಹಸ್ನಾ ಕಲ್ಲಂಗಡಿ, ಊರ ಮಾತಲ್ಲಿ ಬಚ್ಚಂಗಾಯಿ, ಬೆಳೆದಿದ್ದಳು. ಹಣ್ಣು ಬಲಿಯುವ ಹೊತ್ತಿಗೆ ಲಾಕ್‌ಡೌನ್ ಬಂತು. ಲಾರಿ ಬರಲಿಲ್ಲ, ಸಂತೆ ನಡೆಯಲಿಲ್ಲ, ಹಣ್ಣೆಲ್ಲ ಗದ್ದೆಯಲ್ಲೇ ಕೊಳೆಯಿತು. ಆಮೇಲೆ ಸರಕಾರ ಹಣ್ಣು ಬೆಳೆದವರಿಗೆ ಪರಿಹಾರ ಕೊಟ್ಟಿತು. ಪಹಣಿಯಲ್ಲಿದ್ದದ್ದು ಹಾಜಿಯವರ ಹೆಸರು, ಹಣವೂ ಅವರ ಖಾತೆಗೇ ಬಿತ್ತು. ದೊಡ್ಡ ಮೊತ್ತವೇನಲ್ಲ. ಆದರೆ ಮುಂದಿನ ಬಿತ್ತನೆಗೆ ಅವಳಿಗಿದ್ದ ದಾರಿ ಅದೊಂದೇ.

ಹಾಜಿಯವರು ಸಿಟೌಟ್‌ಗೆ ಬಂದು ಕೂತರು. "ಭೂಮಿ ನನ್ನದು ಮಗಳೇ. ಹಾಗಾಗಿ ಹಣ ನನಗೆ ಹಾಕಿದ್ದು."

"ಭೂಮಿ ನಿಮ್ಮದೇ. ಕೊಳೆತ ಬಚ್ಚಂಗಾಯಿ ನನ್ನದು."

"ಹೌದು ಬಾಪ," ಎಂದ ಸಾಬಿತ್. ಲಾಕ್‌ಡೌನಿಗೆ ತುಸು ಮೊದಲು ದುಬೈಯಿಂದ ಬಂದು ಮಹಡಿಯಲ್ಲಿ ಕ್ವಾರಂಟೈನ್ ಕೂತಿದ್ದವನು ಅವನು. "ಇವರು ನೀರು ಬಿಡುವುದನ್ನು ಕಿಟಕಿಯಿಂದ ದಿನಾ ನೋಡ್ತಿದ್ದೆ."

ಹಸ್ನಾಳ ಕಿವಿ ಬಿಸಿಯಾಯಿತು. "ದಿನಾ ನೋಡ್ತಿದ್ರಾ? ಇಳಿದು ಬಂದು ಒಂದು ಪೈಪ್ ಹಿಡಿಯಬಾರದಿತ್ತಾ?"

"ಗೇಟಿಗೆ ಸ್ಟಿಕರ್ ಅಂಟಿಸಿದ್ರಲ್ಲ!"

ಹಾಜಿಯವರು ನಗಲಿಲ್ಲ. "ಇವಳು ಬೆಳೆದದ್ದು ಅಂತ ಒಪ್ಪಿದ್ರೆ ನಾಳೆ ಗದ್ದೆಯೂ ಇವಳದೇ ಆಗ್ತದೆ. ಉಳುವವನೇ ಒಡೆಯ ಅಂತ ಹೇಳಿ ನಮ್ಮ ಗದ್ದೆ ಹೋದದ್ದು ನನಗೆ ನೆನಪುಂಟು."

ಮರುದಿನ ಸಾಬಿತ್ ಗದ್ದೆಗೇ ಬಂದು ಹಣ ಚಾಚಿದ. "ಇದು ನನ್ನ ದುಡಿಮೆಯದ್ದು. ತಗೊಳ್ಳಿ."

"ನಿಮ್ಮ ಒಳ್ಳೆತನ ಇಟ್ಟುಕೊಳ್ತೇನೆ. ಹಣ ಬೇಡ. ನನಗೆ ಬೇಕಾದದ್ದು ನನ್ನದು."

ಅವನು ಹಣ ಜೇಬಿಗೆ ಹಾಕಿದನೇ ಹೊರತು ಹೋಗಲಿಲ್ಲ. ಅವಳ ಜೊತೆ ಬಗ್ಗಿ ಒಣ ಬಳ್ಳಿ ಕೀಳತೊಡಗಿದ. ಆಮೇಲೆ ದಿನಾ ಬಂದ. ಅವನು ಬರುವುದು ತಡವಾದರೆ ಅವಳ ಕಣ್ಣು ಆ ಕಿಟಕಿಯತ್ತ ಹೊರಳುತ್ತಿತ್ತು.

ಸುದ್ದಿ ಮುಟ್ಟಿದ್ದೇ ಹಾಜಿಯವರು ಹಸ್ನಾಳ ತಾಯಿ ರುಕಿಯಾಗೆ ಹೇಳಿ ಕಳಿಸಿದರು: ಹುಡುಗಿ ನಮ್ಮ ಮನೆಗೆ ಸೊಸೆಯಾಗಿ ಬರಲಿ, ಆಗ ಹಣದ ತಕರಾರೇ ಇರುವುದಿಲ್ಲ.

ರುಕಿಯಾಳ ಮುಖ ಅರಳಿತು. ಹಸ್ನಾ ಮಾತ್ರ, "ಬೇಡ ಉಮ್ಮ," ಎಂದಳು.

"ಆ ಹುಡುಗ ಇಷ್ಟ ಇಲ್ವಾ?"

"ಇಷ್ಟ ಉಂಟು. ಅದಕ್ಕೇ ಬೇಡ ಹೇಳಿದ್ದು. ನನ್ನ ಬಾಯಿ ಮುಚ್ಚಿಸಲಿಕ್ಕೆ ನಿಖಾಹ್ ಎಂತಕ್ಕೆ?"

ಅವಳು ನೇರ ಮೂಡಬಿದಿರೆಗೆ ಹೋಗಿ ದೂರು ಕೊಟ್ಟಳು. ತೋಟಗಾರಿಕೆ ಅಧಿಕಾರಿ ಶೇಷಪ್ಪ ಗದ್ದೆಗೆ ಬಂದು ನೆರೆದವರನ್ನು ಕೇಳಿದರು: "ಇಲ್ಲಿ ಬೆಳೆ ತೆಗೆದದ್ದು ಯಾರು?"

ನೆರೆಯವರು ಹಾಜಿಯವರ ಮುಖ ನೋಡಿ ಹಿಂದೆ ಸರಿದರು.

"ಹಸ್ನಾ," ಎಂದು ಮುಂದೆ ಬಂದ ಸಾಬಿತ್. "ಬೇಕಾದ್ರೆ ಆಣೆ ಹಾಕಿ ಹೇಳ್ತೇನೆ. ಪರಿಹಾರ ಅವರಿಗೇ ಸಲ್ಲಬೇಕು."

"ನೀನು ಯಾರ ಮಗ?" ಹಾಜಿಯವರು ಕೇಳಿದರು.

"ನಿಮ್ಮ ಮಗನೇ ಬಾಪ. ಹಾಗಾಗಿ ನಿಮ್ಮ ಎದುರಲ್ಲೇ ಹೇಳುವುದು."

ಹಾಜಿಯವರು ತಿರುಗಿ ನಡೆದರು. ಆ ವಾರವೇ ಅವರ ಖಾತೆಯಿಂದ ಪೂರ್ತಿ ಹಣ ಹಸ್ನಾಳ ಖಾತೆಗೆ ಬಂತು. ಮಗನೊಡನೆ ಮಾತ್ರ ಅವರು ಮಾತು ಬಿಟ್ಟರು.

ಹಸ್ನಾ ಹೊಸ ಬೀಜಕ್ಕೆ ಗುಂಡಿ ತೆಗೆಯುತ್ತಿದ್ದಾಗ ಸಾಬಿತ್ ಬಂದ. "ಒಂದು ಕೇಳಲಿಕ್ಕುಂಟು. ಬಾಪ ಕೇಳಿದ್ದನ್ನೇ. ಈ ಸಲ ನನ್ನ ಬಾಯಿಂದ, ನನಗಾಗಿ."

"ನಿಮ್ಮ ಬಾಪ ಮಾತಾಡ್ತಾ ಇಲ್ಲ."

"ನಾವಿಬ್ಬರೂ ಹೋಗಿ ಮಾತಾಡಿಸುವ."

ಅವಳು ಗುದ್ದಲಿ ಕೆಳಗಿಟ್ಟಳು. "ಮದುವೆ ಆದ ಮೇಲೂ ನಾನು ಗೇಣಿ ಕೊಡ್ತೇನೆ. ಬೆಳೆ ನನ್ನ ಹೆಸರಲ್ಲೇ ಇರಬೇಕು."

"ಇರಲಿ. ನಾನು ಯಾರ ಹೆಸರಲ್ಲಿ?"

ಹಸ್ನಾ ಕೈಯ ಮಣ್ಣನ್ನು ಅವನ ಬಿಳಿ ಅಂಗಿಯ ತೋಳಿಗೆ ನಿಧಾನವಾಗಿ ಒರೆಸಿದಳು.

"ನೀನೂ ನನ್ನ ಹೆಸರಲ್ಲೇ," ಎಂದಳು.