ಮೊಣಕಾಲುದ್ದ ನೀರು

"ಏನ್ರೀ ಇದು, ಗೇಟ್ ಮೇಲೆ ಗೀಚ್ತಾ ಇದ್ದೀರಾ? ಯಾವ ಪಾರ್ಟಿ ನೀವು?"

ಸಮನ್ವಿತಾ ತಿರುಗಿ ನೋಡಿದಳು. ಹೆಗಲ ಮೇಲೆ ಟವೆಲ್, ಅರ್ಧ ಮುಖಕ್ಕೆ ಶೇವಿಂಗ್ ನೊರೆ, ಗೇಟಿನ ಒಳಗೆ ಒಬ್ಬ ಉದ್ದನೆಯ ಮನುಷ್ಯ. ಸಿಟ್ಟು ಉಳಿದರ್ಧ ಮುಖದಲ್ಲಿ ಮಾತ್ರ ಕಾಣುತ್ತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಪಾರ್ಟಿ ಅಲ್ಲ ಸಾರ್, ಪ್ಲಾನರ್. ನಗರ ಯೋಜನೆ ಆಫೀಸಿಂದ ಬಂದಿದೀನಿ. ಹೋದ ವರ್ಷದ ಮಳೇಲಿ ನೀರು ಎಲ್ಲಿವರೆಗೂ ನಿಂತಿತ್ತೋ ಅಲ್ಲಿಗೊಂದು ಗೆರೆ ಹಾಕ್ಬೇಕು. ಗೆರೆ ನಾನು ಹಾಕೋ ಹಾಗಿಲ್ಲ, ಮನೆಯವರೇ ಹಾಕ್ಬೇಕು. ನಾನು ಬರೀ ಮನೆ ನಂಬರ್ ಬರೀತಿದ್ದೆ."

ಅವಳು ನೀಲಿ ಸೀಮೆಸುಣ್ಣವನ್ನು ಮುಂದೆ ಚಾಚಿದಳು. ಅವನು ತೆಗೆದುಕೊಂಡ. ಪಕ್ಕದ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಆಗಲೇ ಕೆಮ್ಮಿದರು. ಅವನು ಒಮ್ಮೆ ಅತ್ತ ನೋಡಿ, ಬಗ್ಗಿ, ಗೇಟಿನ ಕೆಳಭಾಗದಲ್ಲಿ ಒಂದು ಗೆರೆ ಎಳೆದ.

"ಇಷ್ಟೇನಾ?"

"ಇಷ್ಟೇ. ಮೊಣಕಾಲುದ್ದ."

"ನಿಮ್ಮ ಮೊಣಕಾಲಾ, ನನ್ನ ಮೊಣಕಾಲಾ? ಎರಡಕ್ಕೂ ಬಹಳ ವ್ಯತ್ಯಾಸ ಇದೆ."

ಅವನು ನಕ್ಕುಬಿಟ್ಟ. ನಕ್ಕ ಮೇಲೆ ನೊರೆಯ ನೆನಪಾಗಿ ಟವೆಲ್‌ನಿಂದ ಮುಖ ಮುಚ್ಚಿಕೊಂಡ. ಟವೆಲಿನ ಅಂಚಿನ ಮೇಲೆ ಕಣ್ಣೆರಡು ಮಾತ್ರ ಉಳಿದವು. ಆ ಕಣ್ಣು ಅವಳನ್ನು ಬೀದಿಯ ಕೊನೆಯವರೆಗೂ ಹಿಂಬಾಲಿಸಿದ್ದು ಅವಳಿಗೆ ತಿರುಗಿ ನೋಡದೆಯೇ ಗೊತ್ತಾಯಿತು.

ಅವನ ಹೆಸರು ಸುಧೀಂದ್ರ. ವೈಟ್‌ಫೀಲ್ಡ್‌ನಲ್ಲಿ ವಾಹನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ದಪ್ಪ ಹೆಚ್ಚುಕಡಿಮೆಯಾದರೂ ಸಾಮಾನು ವಾಪಸ್ ಕಳಿಸುವುದು ಅವನ ಕೆಲಸ. ಅಳತೆಯ ವಿಷಯದಲ್ಲಿ ಅಂಥವನ ಮಾತನ್ನು ಯಾರು ತಾನೇ ನಂಬುವುದಿಲ್ಲ?

ಬ್ರೂಕ್‌ಫೀಲ್ಡ್‌ನ ಆಚೆಗೆ, ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ತಗ್ಗಿನಲ್ಲಿ ಕೂತಿದ್ದ ಆ ಬೀದಿಗೆ ಯಂತ್ರನಗರ ಎಂದು ಹೆಸರು. ಸರ್ಕಾರಿ ಕಾರ್ಖಾನೆಯೊಂದರ ನೌಕರರೆಲ್ಲ ಸೇರಿ ಸಂಘ ಮಾಡಿಕೊಂಡು ಕಟ್ಟಿದ್ದ ಬೀದಿ ಅದು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಗಿದ್ದರೂ ಅಲ್ಲಿ ಯಾರೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಸುಧೀಂದ್ರನ ಅಪ್ಪ, ದುಡಿದ ವಿಭಾಗದ ಹೆಸರಿನಲ್ಲೇ, ಇಂದಿಗೂ ಫೌಂಡ್ರಿ ವೆಂಕಟಸುಬ್ಬಯ್ಯ. ಪಕ್ಕದ ಮನೆಯ ಕೆಮ್ಮಿನವರು ಟೂಲ್‌ರೂಮ್ ಚನ್ನವೀರಪ್ಪ. ಬೆಳಗಿನ ಮೊದಲ ಕಾಫಿಗೆ ಫಸ್ಟ್ ಶಿಫ್ಟ್ ಎಂದೇ ಹೆಸರು. ಆಯುಧಪೂಜೆಯ ದಿನ, ಕಾರ್ಖಾನೆಯ ಹರಾಜಿನಲ್ಲಿ ಕೊಂಡಿದ್ದ ಹಳೆಯ ಲೇತ್ ಯಂತ್ರವೊಂದನ್ನು ಬೀದಿಯ ಮಧ್ಯಕ್ಕೆ ತಂದು, ಹೂ ಮುಡಿಸಿ, ಎಲ್ಲರೂ ಒಟ್ಟಿಗೆ ಮಂಗಳಾರತಿ ಎತ್ತುತ್ತಿದ್ದರು.

ಸಮನ್ವಿತಾ ಆ ವರ್ಷ ಆ ಪೂಜೆಗೆ ಹೋದಳು. ಜನ ತಮ್ಮ ಊರನ್ನು ಹೇಗೆ ತಮ್ಮದಾಗಿಸಿಕೊಳ್ಳುತ್ತಾರೆಂದು ನೋಡಲು ಬಂದೆ ಎಂದು ಸುಧೀಂದ್ರನಿಗೆ ಹೇಳಿದಳು.

"ಅದನ್ನ ನೋಡಕ್ಕೆ ಸಿಲ್ಕ್ ಸೀರೆ ಬೇಕಾ ಮೇಡಂ?"

"ಲೇತ್‌ಗೆ ಮರ್ಯಾದೆ ಕೊಡ್ಬೇಕಲ್ಲ."

"ಲೇತ್ ಅದೃಷ್ಟ," ಎಂದ ಅವನು. ಅವಳ ಕೆನ್ನೆ ಬಿಸಿಯಾಯಿತು.

ಆಮೇಲಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಕೆರೆಯ ವಾಕಿಂಗ್ ಪಾತ್‌ನಲ್ಲಿ ಭೇಟಿ ಶುರುವಾಯಿತು. 'ಮೇಡಂ' ಹೋಗಿ 'ಸಮಾ' ಆಯಿತು, 'ಸಾರ್' ಹೋಗಿ 'ಸುಧಿ' ಆಯಿತು. ಅವನು ಜೋಳ ಸುಡಿಸಿಕೊಂಡು ಬಂದು ನಿಂಬೆ ತಾನೇ ಹಚ್ಚಿಕೊಡುತ್ತಿದ್ದ. ಅವಳು ಮಳೆಯ ಬಗ್ಗೆ ಹೇಳುತ್ತಿದ್ದಳು. ಒಂದು ತಿಂಗಳಲ್ಲಿ ಸುರಿಯುತ್ತಿದ್ದ ಮಳೆ ಈಗ ಒಂದೇ ಮಧ್ಯಾಹ್ನದಲ್ಲಿ ಸುರಿದುಬಿಡುತ್ತದೆ, ಇದು ಇನ್ನು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ನೀರಿಗೊಂದು ದಾರಿ ಬಿಡದಿದ್ದರೆ ಅದು ಮನೆಯೊಳಗೇ ದಾರಿ ಹುಡುಕಿಕೊಳ್ಳುತ್ತದೆ ಎಂದೆಲ್ಲ.

"ನೀನು ಮಳೆ ಬಗ್ಗೆ ಮಾತಾಡುವಾಗ ಹುಬ್ಬು ಕುಣಿಯುತ್ತೆ ಕಣೇ," ಎನ್ನುತ್ತಿದ್ದ ಅವನು. ಅಷ್ಟು ಹೇಳಿ ಸುಮ್ಮನಾಗುತ್ತಿದ್ದ. ಆ ಮೌನವನ್ನು ಅವಳು ಪ್ರೀತಿ ಎಂದುಕೊಂಡಳು. ಪ್ರೀತಿಯೂ ಹೌದು, ಆದರೆ ಅಷ್ಟೇ ಅಲ್ಲ ಎಂದು ಆಗ ತಿಳಿಯಲಿಲ್ಲ.

ಆಫೀಸಿನಲ್ಲಿ ಒಂದು ತೊಡಕು ತಲೆ ಎತ್ತಿತ್ತು. ಯಂತ್ರನಗರದವರ ನೀಲಿ ಗೆರೆಗಳಿಗೂ ನೆಲದ ಏರಿಳಿತ ಅಳೆದ ಉಪಕರಣ ಹೇಳುವುದಕ್ಕೂ ತಾಳೆಯಾಗಲಿಲ್ಲ. ಅಷ್ಟು ತಗ್ಗಿನ ಬೀದಿಯಲ್ಲಿ ನೀರು ಬರೀ ಮೊಣಕಾಲಿಗೆ ನಿಲ್ಲಲು ಹೇಗೆ ಸಾಧ್ಯ? ಉಪಕರಣ ತಪ್ಪಿರಬಹುದು, ನೀರನ್ನು ಕಣ್ಣಾರೆ ಕಂಡವರು ಜನ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಸುಧಿಯ ಮನೆಯ ಗೋಡೆಗೆ ಕಿಟಕಿಯ ಎತ್ತರದವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದನ್ನೂ ನೋಡಿದ್ದಳು. ಕೇಳಬೇಕಿತ್ತು. ಕೇಳಲಿಲ್ಲ, ಏಕೆಂದರೆ ಆ ಮನೆಗೆ ಸೊಸೆಯಾಗಿ ಹೋಗಲು ಅವಳ ಮನಸ್ಸು ಹಾತೊರೆಯುತ್ತಿತ್ತು.

ಹೀಗೆ ಆ ಗೆರೆಗಳನ್ನೇ ನಂಬಿ ಯೋಜನೆ ಸಿದ್ಧವಾಯಿತು. ಜೋರು ಮಳೆಯಲ್ಲಿ ಮೇಲಿನ ಕೆರೆ ಉಕ್ಕಿದರೆ ಆ ನೀರು ಯಂತ್ರನಗರದ ಪಕ್ಕದ ಹೊಸ ಕಾಲುವೆಯಲ್ಲಿ ಹರಿಯಬೇಕು, ಬೀದಿಗೆ ಏನೂ ಆಗುವುದಿಲ್ಲ ಎಂದು ಬರೆದಾಗಿತ್ತು. ಸಾರ್ವಜನಿಕ ಸಭೆಯೊಂದೇ ಬಾಕಿ.

ಸಭೆಗೆ ಮುಂಚಿನ ಭಾನುವಾರ ಸುಧಿಯ ಅಮ್ಮ ಊರ್ಮಿಳಾ ಅವಳನ್ನು ಊಟಕ್ಕೆ ಕರೆದರು. ಒಬ್ಬಟ್ಟು ಬಡಿಸಿದರು. ವೆಂಕಟಸುಬ್ಬಯ್ಯನವರು ಬಾಯಿಬಿಟ್ಟು ಹೊಗಳುವವರಲ್ಲ, ಆದರೂ ಎರಡನೆಯ ಒಬ್ಬಟ್ಟಿಗೆ ತಾವೇ ತುಪ್ಪ ಹಾಕಿದರು. ಊಟವಾದ ಮೇಲೆ ಊರ್ಮಿಳಾ ಅವಳ ಕೈಹಿಡಿದು ಒಳಕೋಣೆಗೆ ಕರೆದೊಯ್ದು ಬೀರು ತೆಗೆದರು.

"ಇದು ನನ್ನ ಧಾರೆ ಸೀರೆ ಕಣೇ ಪುಟ್ಟ. ನಿನಗೆ ಅಂತ ಇಟ್ಟಿದೀನಿ. ಒಂದು ಮಡಿಕೇಲಿ ಸ್ವಲ್ಪ ಕಲೆ ಇದೆ, ಬೇಜಾರು ಮಾಡ್ಕೋಬೇಡ. ಡ್ರೈಕ್ಲೀನ್‌ಗೆ ಕೊಟ್ರೂ ಹೋಗ್ಲಿಲ್ಲ."

"ಏನು ಕಲೆ ಆಂಟಿ?"

"ಮಳೆ ನೀರಿಂದು. ಈ ಮೇಲಿನ ಶೆಲ್ಫಲ್ಲೇ ಇಟ್ಟಿದ್ದೆ, ಇಲ್ಲಿವರೆಗೂ ಬಂತಲ್ಲಮ್ಮಾ ನೀರು. ಸುಧಿ ಹೇಳ್ಲಿಲ್ವಾ?"

ಆ ಶೆಲ್ಫ್ ಸಮನ್ವಿತಾಳ ಭುಜದ ಎತ್ತರಕ್ಕಿತ್ತು. ಅವಳು ಸೀರೆಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಊರ್ಮಿಳಾ ಅವಳ ಮುಖ ನೋಡಿ, ತಾನು ಏನೋ ಆಡಬಾರದ್ದನ್ನು ಆಡಿದೆ ಎಂದು ಗೊತ್ತಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಂಜೆ ಕೆರೆಯ ಹತ್ತಿರ ಸುಧಿ ಜೋಳ ತರಲಿಲ್ಲ. ಅಮ್ಮ ಎಲ್ಲವನ್ನೂ ಹೇಳಿದ್ದರು.

"ಬೀದಿಯವರೆಲ್ಲ ಸೇರಿ ಮಾತಾಡ್ಕೊಂಡಿದ್ವಿ ಸಮಾ. ಚನ್ನವೀರಪ್ಪ ಅಂಕಲ್ ಮನೇಲಿ. ಯಾರೂ ಮೊಣಕಾಲಿಗಿಂತ ಮೇಲೆ ಹಾಕ್ಬಾರ್ದು ಅಂತ. ನೀರು ನುಗ್ಗೋ ಬೀದಿ ಅಂತ ಗೊತ್ತಾದ್ರೆ ಬಾಡಿಗೆಗೆ ಯಾರೂ ಬರಲ್ಲ. ಈ ಬೀದಿ ಹುಡುಗರಿಗೆ ಹೆಣ್ಣು ಕೊಡಲ್ಲ. ಮಾನ ಹೋಗುತ್ತೆ ಅನ್ನೋ ಭಯ, ಅಷ್ಟೇ."

"ನಮ್ಮ ವಿಷಯ ಶುರುವಾದ್ಮೇಲೂ ಹೇಳ್ಲಿಲ್ವಲ್ಲೋ."

"ಹೇಳೋಣ ಅಂತ ದಿನಾ ಬರ್ತಿದ್ದೆ. ನೀನು ನಮ್ಮನೆ ಬಗ್ಗೆ ಮಾತಾಡ್ತಿದ್ದೆ. ಜಗಲಿ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿಸ್ತೀನಿ ಅಂತಿದ್ದೆ. ಬಾಯೇ ಬರ್ಲಿಲ್ಲ."

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಕಲ್ಲುಬೆಂಚಿನ ಮೇಲೆ ಕೂತಳು.

"ಸುಧಿ, ಆ ಕಾಲುವೆ ಬಂದ್ರೆ ಮುಂದಿನ ಮಳೆಗೆ ನಿಮ್ಮ ಬೀದಿ ಮುಳುಗುತ್ತೆ. ಆಂಟಿ ಮಂಡಿ ನೋವು ಇಟ್ಕೊಂಡು ಎಲ್ಲಿಗೆ ಹತ್ತಿ ಹೋಗ್ತಾರೆ?"

"ಕಾಲುವೆ ಬೇರೆ ಕಡೆ ಹಾಕು."

"ಬೇರೆ ಕಡೆ ಅಂದ್ರೆ ಕೆಳಗಿನ ಶೆಡ್‌ಗಳು. ಅಲ್ಲಿ ಕಟ್ಟಡ ಕೆಲಸದವರು ಮಕ್ಕಳನ್ನ ನೆಲದ ಮೇಲೆ ಮಲಗಿಸ್ತಾರೆ. ನಿನಗೂ ಗೊತ್ತು. ಸತ್ಯ ಅಳತೆ ಹಾಕಿದ್ರೆ ಒಂದೇ ದಾರಿ ಉಳಿಯೋದು. ಪರಿಹಾರ ಕೊಟ್ಟು ನಿಮ್ಮ ಬೀದೀನ ತೆರವು ಮಾಡಿ, ಆ ತಗ್ಗನ್ನ ನೀರಿಗೆ ಬಿಡೋದು."

ಅವನು ಬಂದು ಅವಳ ಪಕ್ಕ ಕೂತ. "ಅಪ್ಪ ಕುಸಿದುಹೋಗ್ತಾರೆ," ಎಂದ. ಅವಳು ಅವನ ಕೈಹಿಡಿದಳು. ಕೈ ಬಿಡಿಸಿಕೊಳ್ಳಲಿಲ್ಲ ಅವನು. ಆದರೆ ಬೆರಳು ಮಡಚಿ ಅವಳ ಕೈಯನ್ನು ಹಿಡಿಯಲೂ ಇಲ್ಲ.

ಸಭೆಯ ದಿನ ಸಂಘದ ಹಾಲ್ ತುಂಬಿತ್ತು. ಗೆರೆಗಳ ಬಗ್ಗೆ ಅನುಮಾನವಿದೆ, ಮತ್ತೆ ಅಳೆಯಬೇಕು ಎಂದು ಸಮನ್ವಿತಾ ಹೇಳಿದಳು. ಯಾರು ಸುಳ್ಳು ಹೇಳಿದರೆಂದು ಹೇಳಲಿಲ್ಲ. ಅಷ್ಟಕ್ಕೇ ಹಾಲ್ ಎದ್ದು ನಿಂತಿತು. ವೆಂಕಟಸುಬ್ಬಯ್ಯನವರು ಮುಂದೆ ಬಂದರು.

"ಅನುಮಾನ ಏನು ಬಂತಮ್ಮ? ಮೂವತ್ತು ವರ್ಷ ಫೌಂಡ್ರಿ ಬೆಂಕೀಲಿ ಬೆಂದು ಕಟ್ಟಿಸಿದ ಮನೆ. ಅದರ ಮುಂದೆ ಎಷ್ಟು ನೀರು ನಿಂತಿತ್ತು ಅಂತ ನಮಗೆ ಗೊತ್ತಿಲ್ವಾ? ಮೊಣಕಾಲುದ್ದ. ಕೇಳಿ ಬೇಕಾದ್ರೆ, ನನ್ನ ಮಗನೇ ಗೆರೆ ಹಾಕಿದ್ದು."

ಎಲ್ಲರೂ ಸುಧೀಂದ್ರನತ್ತ ತಿರುಗಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವನು ಎದ್ದ. ಅವನು ಹೌದು ಎಂದರೆ ಸಾಕಿತ್ತು, ಒಬ್ಬಳ ಮಾತಿಗೆ ಇಡೀ ಬೀದಿಯ ಎದುರು ಬೆಲೆ ಇರುತ್ತಿರಲಿಲ್ಲ. ಹೌದು ಎಂದುಬಿಡಲಿ ಎಂದು ಒಂದು ಕ್ಷಣ ಅವಳೇ ಬೇಡಿಕೊಂಡಳು. ಹಾಗೆ ಬೇಡಿಕೊಂಡಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

"ಹಾಕಿದ್ದು ನಾನೇ," ಎಂದ ಸುಧಿ. "ಸುಳ್ಳು ಗೆರೆ ಅದು. ನೀರು ನಮ್ಮಮ್ಮನ ಕುತ್ತಿಗೆ ಹತ್ರ ಬಂದಿತ್ತು. ಅಪ್ಪನೇ ಅವರನ್ನ ಹೊತ್ಕೊಂಡು ಮಹಡಿ ಮೆಟ್ಲು ಹತ್ತಿಸಿದ್ರು. ಅವತ್ತು ಬೀದಿ ಮಾತಿಗೆ ಕಟ್ಟುಬಿದ್ದು ಹಾಕ್ದೆ. ಆಮೇಲೆ ಅಳಿಸಬಹುದಿತ್ತು. ಅಳಿಸ್ಲಿಲ್ಲ, ಯಾಕಂದ್ರೆ ಈ ಹುಡುಗಿ ನಮ್ಮನೆಗೆ ಬರ್ತೀನಿ ಅಂದಿದ್ಲು. ಇವಳನ್ನ ನನ್ನ ಜೀವಕ್ಕಿಂತ ಹೆಚ್ಚು ಇಷ್ಟಪಡ್ತೀನಿ. ಇವಳು ಬರೋ ಮನೆ ಚೆನ್ನಾಗಿರ್ಲಿ ಅನ್ನೋ ಆಸೆ."

ಯಾವ ಮಾತನ್ನು ಕೇಳಲು ಅವಳು ಇಷ್ಟು ದಿನ ಕಾದಿದ್ದಳೋ ಆ ಮಾತು ಪ್ಲಾಸ್ಟಿಕ್ ಕುರ್ಚಿಗಳ ನಡುವೆ, ಇಡೀ ಬೀದಿಯ ಕಿವಿಗೆ ಬೀಳುವಂತೆ ಬಂತು. ಸಮನ್ವಿತಾ ಮೈಕ್ ಹಿಡಿದುಕೊಂಡೇ ಅತ್ತಳು. ವೆಂಕಟಸುಬ್ಬಯ್ಯನವರು ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಗೆ ನಡೆದರು.

ಹೊಸ ಅಳತೆಯಲ್ಲಿ ಯಂತ್ರನಗರ ನೀರಿನ ಜಾಗವೆಂದು ತೀರ್ಮಾನವಾಯಿತು. ಎಲ್ಲರನ್ನೂ ಒಂದೇ ಕಡೆ ಇರಿಸಬೇಕೆಂದು ಸಮನ್ವಿತಾ ಆಫೀಸಿಂದ ಆಫೀಸಿಗೆ ಅಲೆದಳು. ಆ ಹೊತ್ತಿಗೆ ಪರಿಹಾರ ಪಡೆದವರು ಒಬ್ಬೊಬ್ಬರೇ ಬೇರೆ ಬೇರೆ ದಿಕ್ಕು ಹಿಡಿದಿದ್ದರು. ಬೀದಿಯ ಜಾಗದಲ್ಲಿ ಬರುವ ಹೊಸ ಕೆರೆಯಂಗಳಕ್ಕೆ ಯಂತ್ರನಗರದ ಹೆಸರನ್ನೇ ಇಡಿಸುತ್ತೇನೆ ಎಂದು ಅವಳು ಚನ್ನವೀರಪ್ಪನವರಿಗೆ ಹೇಳಿದಳು.

"ಬೋರ್ಡ್ ಮೇಲೆ ಹೆಸರು ಹಾಕಿದ್ರೆ ಬೀದಿ ಆಗುತ್ತೇನಮ್ಮಾ?" ಎಂದು ಅವರು ಮೆತ್ತಗೆ ಕೇಳಿದರು.

ವೆಂಕಟಸುಬ್ಬಯ್ಯನವರು ಊರಿನ ಇನ್ನೊಂದು ತುದಿಯಲ್ಲಿ, ಮಾದನಾಯಕನಹಳ್ಳಿಯ ಕಡೆ ಒಂದು ಫ್ಲ್ಯಾಟ್ ನೋಡಿದರು. ಅವಳು ಮಾತಾಡಲು ಹೋದಾಗ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ನೀನು ಮಾಡಿದ್ದು ಸರಿ ಅಂತ ನನಗೂ ಗೊತ್ತು," ಎಂದರು. "ಆದ್ರೆ ದಿನಾ ಬೆಳಗ್ಗೆ ನೀನು ಕಾಫಿ ತಂದುಕೊಟ್ರೆ ನನಗೆ ಈ ಮನೆ ನೆನಪಾಗುತ್ತೆ. ಮನೆ ಕೊಟ್ಟಿದ್ದೀನಲ್ಲಮ್ಮ. ಮಗನ್ನ ಕೇಳ್ಬೇಡ."

ಸುಧಿ ಅಪ್ಪನನ್ನು ಬಿಟ್ಟು ಬರಬಹುದಿತ್ತು. "ನೀನು ಬಾ ಅಂದ್ರೆ ಬರ್ತೀನಿ," ಎಂದೂ ಹೇಳಿದ. ಆದರೆ ಮಗ ನಿಜ ಹೇಳಿದನೆಂದು ಬೀದಿಯವರೆಲ್ಲ ಮಾತು ಬಿಟ್ಟಿದ್ದ ಆ ಮುದುಕರಿಗೆ ಈಗ ಆಸರೆಯಾಗಿ ಉಳಿದಿದ್ದವನು ಅವನೊಬ್ಬನೇ. ಅವಳು ಬಾ ಎನ್ನಲಿಲ್ಲ.

ಮನೆ ಬಿಡುವ ದಿನ ಊರ್ಮಿಳಾ ಫೋನ್ ಮಾಡಿ ಕರೆದರು. ಸಮನ್ವಿತಾ ಹೋದಾಗ ಸಾಮಾನೆಲ್ಲ ಲಾರಿ ಏರಿತ್ತು. ವೆಂಕಟಸುಬ್ಬಯ್ಯನವರು ಡ್ರೈವರ್ ಪಕ್ಕ ಕೂತು ರಸ್ತೆಯನ್ನೇ ನೋಡುತ್ತಿದ್ದರು. ಖಾಲಿ ಮನೆಯ ಹೊಸಿಲಿಗೆ ಊರ್ಮಿಳಾ ರಂಗೋಲಿ ಎಳೆದು, ಅಕ್ಕಿ ತುಂಬಿದ ಸೇರನ್ನು ಇಟ್ಟಿದ್ದರು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಇಡುವಂತೆ. ಕೈಯಲ್ಲಿ ಆರತಿ ತಟ್ಟೆಯಿತ್ತು.

"ಬಲಗಾಲಿಟ್ಟು ಒಂದೇ ಒಂದು ಸಲ ಒಳಗೆ ಬಾರೇ ಪುಟ್ಟ. ಈ ಮನೆಗೆ ಸೊಸೆ ಬಂದಿದ್ಲು ಅಂತ ಆಗ್ಲಿ. ಅವರು ನೋಡಿದ್ರೆ ನೋಡ್ಲಿ."

ಸುಧಿ ಒಳಗೆ, ಬರೀ ಗೋಡೆಗೆ ಒರಗಿ ನಿಂತಿದ್ದ. ಅವನ ಕಣ್ಣು ಬಾ ಎನ್ನುತ್ತಿತ್ತು. ಅವಳ ಕಾಲು ಹೊಸಿಲ ಹತ್ತಿರ ಬಂದು ನಿಂತಿತು.

ಅವಳು ಬಗ್ಗಿ, ಅಕ್ಕಿ ಚೆಲ್ಲದಂತೆ ಸೇರನ್ನು ಎರಡೂ ಕೈಯಲ್ಲಿ ಎತ್ತಿ ಊರ್ಮಿಳಾರ ಕೈಗಿಟ್ಟಳು.

"ಬೇಡ ಅಮ್ಮಾ," ಎಂದಳು. ಅವರನ್ನು ಅಮ್ಮ ಎಂದು ಕರೆದಿದ್ದು ಅದೇ ಮೊದಲು. "ಒಳಗೆ ಬಂದ್ಬಿಟ್ರೆ ನನಗೆ ಹೊರಗೆ ಹೋಗಕ್ಕಾಗಲ್ಲ. ಹೊಸ ಮನೇಲಿ ಇದನ್ನ ಇಡಿ. ಸುಧಿ ಯಾರನ್ನಾದ್ರೂ ಕರ್ಕೊಂಡು ಬರ್ತಾನೆ."

"ಯಾರೂ ಬರಲ್ಲ," ಎಂದ ಸುಧಿ ಒಳಗಿನಿಂದ. ಖಾಲಿ ಮನೆಯಾದ್ದರಿಂದ ಆ ಮಾತು ಎಲ್ಲ ಕೋಣೆಗಳಲ್ಲೂ ಕೇಳಿಸಿತು.

ಊರ್ಮಿಳಾ ಅಲ್ಲೇ, ಹೊಸಿಲಿನ ಆಚೆ ನಿಂತಿದ್ದವಳಿಗೆ ಆರತಿ ಎತ್ತಿದರು. ಹಣೆಗೆ ಕುಂಕುಮ ಇಟ್ಟರು. ಸುಧಿ ಹೊರಗೆ ಬಂದು, ಬಾಗಿಲೆಳೆದು, ಬೀಗ ಹಾಕಿದ. ಬೀಗದ ಕೈ ಯಾರಿಗೆ ಕೊಡಬೇಕೆಂದು ಕೇಳಿದ. ಮಧ್ಯಾಹ್ನ ಆಫೀಸಿನವರು ಬರ್ತಾರೆ, ಅಲ್ಲಿವರೆಗೂ ನಾನೇ ಇಟ್ಕೊಂಡಿರ್ತೀನಿ ಎಂದು ಅವಳು ಕೈ ಚಾಚಿದಳು.